ದೇವರು ನೋವುಂಡನೇ? ಶಿಲುಬೆಯ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡುವ ಬಗೆ

ಶಿಲುಬೆಯ ಮೇಲೆ ಸತ್ತವನು ದೇವರ ಮಗನೇ ಆಗಿದ್ದರೆ ಆ ನೋವು ದೇವರನ್ನು ಮುಟ್ಟಿತೇ ಎಂಬುದು ಕ್ರೈಸ್ತ ದೇವತಾಶಾಸ್ತ್ರದ ಅತಿ ಹಳೆಯ ಪ್ರಶ್ನೆಗಳಲ್ಲೊಂದು. ಇದನ್ನು ಅಭ್ಯಾಸ ಮಾಡಹೊರಟವರು ಬಹಳ ಸಲ ಉತ್ತರದಿಂದಲೇ ಆರಂಭಿಸುತ್ತಾರೆ. ದೇವರು ಬದಲಾಗದವನಾದ್ದರಿಂದ ನೋಯಲಾರನೆಂದು ಕೆಲವರು, ದೇವರು ಪ್ರೀತಿಸ್ವರೂಪನಾದ್ದರಿಂದ ನೋಯಲೇಬೇಕೆಂದು ಕೆಲವರು ಹೇಳುತ್ತಾರೆ. ಎರಡು ಕಡೆಯೂ ದೇವರೆಂದರೆ ಹೇಗಿರಬೇಕೆಂಬ ತೀರ್ಮಾನ ಮೊದಲೇ ಆಗಿಹೋಗಿರುವುದರಿಂದ ಶಿಲುಬೆಗೆ ಹೊಸದಾಗಿ ಹೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮೊದಲು ಬೈಬಲಿನ ಸುವಾರ್ತೆಗಳಲ್ಲಿರುವ ಯೇಸುವಿನ ಕಥನ, ಆಮೇಲೆ ಸಭೆಯ, ಅಂದರೆ ಕ್ರೈಸ್ತ ಸಮುದಾಯದ, ಸಿದ್ಧಾಂತ, ಕೊನೆಗೆ ಅದರ ಬಳಕೆ ಎಂಬ ಕ್ರಮವನ್ನು ನಾನು ಸೂಚಿಸುತ್ತೇನೆ.

ಮಾರ್ಕನ ಸುವಾರ್ತೆಯ 14 ಮತ್ತು 15ನೆಯ ಅಧ್ಯಾಯಗಳನ್ನು ಒಂದೇ ಬಾರಿಗೆ ಓದಿ ಮುಗಿಸಿರಿ. ನಾಲ್ಕು ಸುವಾರ್ತೆಗಳಲ್ಲಿ ಇದೇ ಮೊದಲನೆಯದೆಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಇಲ್ಲಿ ಶಿಲುಬೆಯ ಮೇಲಿನ ಯೇಸುವಿನ ಮಾತು ಒಂದೇ: ತನ್ನನ್ನು ಏಕೆ ಕೈಬಿಟ್ಟೆ ಎಂದು ದೇವರನ್ನೇ ಕೇಳುವ ಕೂಗು. ಲೂಕನಲ್ಲಿ ಆತನು ತಂದೆಯ ಕೈಗೆ ಆತ್ಮವನ್ನು ಒಪ್ಪಿಸುತ್ತಾನೆ. ಯೋಹಾನನಲ್ಲಿ ಎಲ್ಲವೂ ತೀರಿತೆಂದು ಹೇಳಿ ತಲೆಬಾಗಿಸುತ್ತಾನೆ. ಈ ಮೂರನ್ನೂ ಬೆರೆಸಿ ಒಂದೇ ಚಿತ್ರ ಮಾಡಿಕೊಳ್ಳುವ ಆತುರ ಬೇಡ, ಏಕೆಂದರೆ ಹಾಗೆ ಬೆರೆಸಿದಾಗ ಮೊದಲು ಮಸಕಾಗುವುದು ಮಾರ್ಕನ ಕೂಗು. ಆ ಕೂಗು 22ನೆಯ ಕೀರ್ತನೆಯ ಮೊದಲ ಸಾಲು. ಕೀರ್ತನೆ ಉತ್ತರಾರ್ಧದಲ್ಲಿ ಸ್ತುತಿಗೆ ತಿರುಗುವುದರಿಂದ ಯೇಸುವಿನ ಮನಸ್ಸಿನಲ್ಲಿ ಆ ಸ್ತುತಿಯೂ ಇತ್ತೆಂದು ವಿವರಿಸುವವರಿದ್ದಾರೆ. ಇದ್ದಿರಬಹುದು, ಆದರೆ ಮಾರ್ಕನು ನಮಗೆ ಕೇಳಿಸಿದ್ದು ಮೊದಲ ಸಾಲನ್ನು ಮಾತ್ರ. ಅದನ್ನು ಬರಿಯ ಪಠಣವೆಂದು ತಗ್ಗಿಸಿದರೆ ಮುಂದಿನ ಅಭ್ಯಾಸವೆಲ್ಲ ಸಡಿಲವಾಗುತ್ತದೆ.

ಇದರ ಜೊತೆಗೆ ಹಳೆಯ ಒಡಂಬಡಿಕೆಯಿಂದ ಮೂರು ಭಾಗಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ವಿಮೋಚನಕಾಂಡ 3:7ರಲ್ಲಿ ದೇವರು ತನ್ನ ಜನರ ಗೋಳನ್ನು ಕೇಳಿ ಅವರ ಸಂಕಟವನ್ನು ಬಲ್ಲೆನೆನ್ನುತ್ತಾನೆ. ಮಲಾಕಿಯ 3:6ರಲ್ಲಿ ತಾನು ಮಾರ್ಪಡದವನೆನ್ನುತ್ತಾನೆ. ಮೂರನೆಯದಾದ ಹೋಶೇಯ 11ನೆಯ ಅಧ್ಯಾಯದ ಬಳಿ ಹೆಚ್ಚು ಹೊತ್ತು ನಿಲ್ಲಿರಿ. ಎಂಟನೆಯ ವಚನದಲ್ಲಿ ದೇವರ ಹೃದಯವೇ ಮಗುಚಿಕೊಳ್ಳುತ್ತದೆ, ಕರುಳು ಕರಗುತ್ತದೆ. ಒಂಬತ್ತನೆಯದರಲ್ಲಿ ಅದೇ ದೇವರು ತಾನು ಮನುಷ್ಯನಲ್ಲವೆಂದೂ, ಆ ಕಾರಣದಿಂದಲೇ ತನ್ನ ಉಗ್ರಕೋಪವನ್ನು ತೀರಿಸುವುದಿಲ್ಲವೆಂದೂ ಹೇಳುತ್ತಾನೆ. ಇಲ್ಲಿ ಮರುಗುವ ಹೃದಯ ದೇವರನ್ನು ಮನುಷ್ಯರ ಮಟ್ಟಕ್ಕೆ ಇಳಿಸುವುದಿಲ್ಲ. ಮನುಷ್ಯರಾದರೆ ಕೋಪ ತೀರಿಸಿಕೊಳ್ಳುತ್ತಿದ್ದರು. ದೇವರು ದೇವರಾದ್ದರಿಂದ ಮರುಗಿ ತಡೆದುಕೊಳ್ಳುತ್ತಾನೆ. ಬದಲಾಗದಿರುವುದು ಮತ್ತು ಮರುಗುವುದು ಒಂದಕ್ಕೊಂದು ವಿರೋಧವೆಂಬ ನಮ್ಮ ಊಹೆಯನ್ನು ಪ್ರವಾದಿ ಹೋಶೇಯನು ಎರಡೇ ವಚನಗಳಲ್ಲಿ ಅಲುಗಾಡಿಸುತ್ತಾನೆ.

ಇಷ್ಟಾದ ಮೇಲೆ ಆದಿಸಭೆಯ ಪಿತೃಗಳನ್ನು, ಅಂದರೆ ಮೊದಲ ಶತಮಾನಗಳ ಬೋಧಕರನ್ನು, ಓದಲು ತೊಡಗಬಹುದು. ದೇವರು ನೋವಿಗೆ ಅತೀತನೆಂದು ಅವರು ಬರೆದಾಗ ದೇವರು ಕಲ್ಲೆದೆಯವನೆಂದು ಅರ್ಥ ಮಾಡಿಕೊಳ್ಳಬಾರದು. ಕಾಮಕ್ರೋಧಗಳಿಗೆ ಸಿಕ್ಕಿ ಮನಬಂದಂತೆ ವರ್ತಿಸುವ ಗ್ರೀಕ್ ಪುರಾಣದ ದೇವತೆಗಳ ಹಾಗಲ್ಲದೆ, ದೇವರನ್ನು ಹೊರಗಿನ ಯಾವ ಶಕ್ತಿಯೂ ಆಡಿಸಲಾರದೆಂಬುದು ಆ ಮಾತಿನ ಮುಖ್ಯ ಆಶಯ. ಮೂರನೆಯ ಶತಮಾನದ ಆರಂಭದಲ್ಲಿ ತಂದೆಗೂ ಮಗನಿಗೂ ಭೇದವೆಣಿಸದೆ ತಂದೆಯೇ ನೋವುಂಡನೆಂಬ ಬೋಧನೆ ಹರಡಿದಾಗ ಉತ್ತರ ಆಫ್ರಿಕದ ಲೇಖಕ ತೆರ್ತುಲಿಯನನು ಆ ಬೋಧನೆಯ ಪ್ರಾಕ್ಸಿಯಸನ ವಿರುದ್ಧ ಬರೆದು ಅದನ್ನು ಖಂಡಿಸಿದನು. ಐದನೆಯ ಶತಮಾನದಲ್ಲಿ ವಾದ ಇನ್ನೊಂದು ದಿಕ್ಕಿನಿಂದ ಬಂದಿತು: ಕ್ರಿಸ್ತನ ದೈವತ್ವವನ್ನು ನೋವಿನಿಂದ ಕಾಪಾಡಲು ಕಾನ್‌ಸ್ಟಾಂಟಿನೋಪಲಿನ ಬಿಷಪ್ ನೆಸ್ತೋರಿಯನು ದೇವರ ಮಗನನ್ನೂ ಮನುಷ್ಯನಾದ ಯೇಸುವನ್ನೂ ತೀರ ದೂರ ನಿಲ್ಲಿಸುತ್ತಾನೆಂದು ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲನು ಎದುರಿಸಿದನು. ಬಿಷಪರು ಕೂಡಿದ ಎಫೆಸದ 431ರ ಮಹಾಸಭೆ, ಕಲ್ಕೆದೋನಿನ 451ರ ಮಹಾಸಭೆ, ಕಾನ್‌ಸ್ಟಾಂಟಿನೋಪಲಿನ 553ರ ಮಹಾಸಭೆ ಇವು ಈ ವಾದದ ಮಜಲುಗಳು.

ಈ ಇತಿಹಾಸ ಕೈಗೆ ಹತ್ತಬೇಕಾದರೆ ಮೂರು ವಾಕ್ಯಗಳನ್ನು ಬರೆದುಕೊಂಡು ಪರೀಕ್ಷಿಸಿರಿ. ತಂದೆಯಾದ ದೇವರು ಶಿಲುಬೆಯ ಮೇಲೆ ಸತ್ತನು. ಮನುಷ್ಯನಾದ ಯೇಸು ಮಾತ್ರ ಸತ್ತನು, ದೇವರ ಮಗನಿಗೆ ಆ ಮರಣ ತಟ್ಟಲಿಲ್ಲ. ದೇವರ ಮಗನೇ ಶರೀರದಲ್ಲಿ ನೋವುಂಡು ಸತ್ತನು. ಸಭೆ ಮೊದಲಿನ ಎರಡನ್ನೂ ತಿರಸ್ಕರಿಸಿ ಮೂರನೆಯದನ್ನು ಉಳಿಸಿಕೊಂಡಿತು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಯೇಕ ದೇವರಲ್ಲಿ ಒಬ್ಬನು ಶರೀರದಲ್ಲಿ ಶಿಲುಬೆಗೇರಿದನೆಂದು 553ರ ಮಹಾಸಭೆ ಸ್ಪಷ್ಟವಾಗಿ ಘೋಷಿಸಿತು. ನೋವಿಗೆ ಅತೀತನಾದವನೇ ಮನುಷ್ಯತ್ವವನ್ನು ಧರಿಸಿ ನೋವನ್ನು ತನ್ನದಾಗಿ ಮಾಡಿಕೊಂಡನೆಂಬ ಸಿರಿಲನ ವಾದ ಮೊದಲ ಓದಿಗೆ ಮಾತಿನ ಚಮತ್ಕಾರದಂತೆ ಕಾಣಬಹುದು. ಆದರೆ ಅದರ ಎರಡು ತುದಿಗಳಲ್ಲಿ ಯಾವುದನ್ನು ಬಿಟ್ಟರೂ ಮೇಲಿನ ತಪ್ಪುಗಳಲ್ಲೊಂದಕ್ಕೆ ಜಾರುತ್ತೇವೆ.

ಶಿಲುಬೆ ಏನನ್ನು ಸಾಧಿಸಿತೆಂಬ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳಿವೆ. 1098ರ ಸುಮಾರಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮನು ಪಾಪದಿಂದ ದೇವರ ಗೌರವಕ್ಕೆ ಬಂದ ಕುಂದನ್ನು ಕ್ರಿಸ್ತನು ತುಂಬಿಕೊಟ್ಟನೆಂದನು. ಫ್ರಾನ್ಸಿನ ಚಿಂತಕ ಅಬೆಲಾರ್ಡನು ಶಿಲುಬೆ ತೋರುವ ಪ್ರೀತಿ ನಮ್ಮ ಪ್ರೀತಿಯನ್ನು ಎಬ್ಬಿಸುತ್ತದೆಂದನು. ಸ್ವೀಡನ್ನಿನ ಗುಸ್ತಾಫ್ ಔಲೆನ್ 1930ರಲ್ಲಿ ಮರಣ ಮತ್ತು ಕೇಡಿನ ಮೇಲಿನ ಜಯವೆಂಬ ಪ್ರಾಚೀನ ನೋಟವನ್ನು ಮತ್ತೆ ಮುಂದಿಟ್ಟನು. ಯಾವುದನ್ನು ಓದುವಾಗಲೂ 2 ಕೊರಿಂಥ 5:19ನ್ನು ಒರೆಗಲ್ಲಾಗಿ ಇಟ್ಟುಕೊಳ್ಳಿರಿ. ಲೋಕವನ್ನು ಸಮಾಧಾನಪಡಿಸಿಕೊಳ್ಳುವಾಗ ದೇವರು ಕ್ರಿಸ್ತನಲ್ಲಿದ್ದನೆಂದು ಪೌಲನು ಬರೆಯುತ್ತಾನೆ. ಕ್ರೂರನಾದ ತಂದೆಯೊಬ್ಬನು ದೂರದಲ್ಲಿ ನಿಂತು ಮಗನನ್ನು ಶಿಕ್ಷಿಸಿದನೆಂಬ ಚಿತ್ರಣ ಎಲ್ಲಿ ಕಂಡರೂ ಅದು ಈ ವಚನಕ್ಕೆ ಹೊಂದುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಯುದ್ಧದ ನೆರಳಿನಲ್ಲಿ ಪ್ರಶ್ನೆ ಮತ್ತೆ ಎದ್ದಿತು. ನಾಜಿಗಳನ್ನು ವಿರೋಧಿಸಿ ಸೆರೆಯಾಗಿದ್ದ ಜರ್ಮನ್ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್ ಬರ್ಲಿನ್ನಿನ ಸೆರೆಮನೆಯಿಂದ 1944ರ ಜುಲೈ 16ರಂದು ಬರೆದ ಪತ್ರದಲ್ಲಿ, ನೋಯುವ ದೇವರು ಮಾತ್ರ ನೆರವಾಗಬಲ್ಲನೆಂದರು. ಜಪಾನಿನ ಕಝೊ ಕಿಟಮೋರಿ 1946ರಲ್ಲಿ ದೇವರ ನೋವನ್ನೇ ಸುವಾರ್ತೆಯ ತಿರುಳೆಂದು ಪ್ರತಿಪಾದಿಸಿದರು. ಎರಡನೆಯ ಮಹಾಯುದ್ಧದಲ್ಲಿ ಯುದ್ಧಕೈದಿಯಾಗಿದ್ದ ಜರ್ಮನ್ ದೇವತಾಶಾಸ್ತ್ರಜ್ಞ ಯೂರ್ಗನ್ ಮೋಲ್ಟ್‌ಮನ್ 1972ರಲ್ಲಿ ಮಗನು ಮರಣದ ನೋವನ್ನೂ ತಂದೆಯು ಮಗನನ್ನು ಕಳೆದುಕೊಂಡ ನೋವನ್ನೂ ಅನುಭವಿಸುತ್ತಾರೆಂದು ಬರೆದರು. ಇವರನ್ನು ಓದುವಾಗ ಇವರ ವಿಮರ್ಶಕರನ್ನೂ ಓದಲೇಬೇಕು. ಮೋಲ್ಟ್‌ಮನ್ನರ ವಿವರಣೆಯಲ್ಲಿ ತಂದೆಯೇ ಮಗನನ್ನು ಕೊಲ್ಲಿಸುವವನಂತೆ ಕಾಣುತ್ತಾನೆಂದು ಡೊರೊಥೀ ಸೋಲೆ ಆಕ್ಷೇಪಿಸಿದರು. ದೇವರೂ ನಮ್ಮಂತೆಯೇ ಸಂಕಟದಲ್ಲಿ ಸಿಲುಕಿದ್ದರೆ ನಮಗೆ ಬಿಡುಗಡೆ ಎಲ್ಲಿಂದ ಬರಬೇಕೆಂಬುದು ಕಾರ್ಲ್ ರಾನರರ ಆಕ್ಷೇಪ. ರಾನರರ ಪ್ರಶ್ನೆ ತೂಕದ್ದೆಂದೇ ನಾನು ಎಣಿಸುತ್ತೇನೆ, ಮತ್ತು ಪುನರುತ್ಥಾನವನ್ನು ಬಿಟ್ಟು ಅದಕ್ಕೆ ಉತ್ತರ ಸಿಗಲಾರದು. ಯೋಹಾನ 20ನೆಯ ಅಧ್ಯಾಯದಲ್ಲಿ ಎದ್ದುಬಂದವನ ಕೈಗಳಲ್ಲಿ ಗಾಯಗಳಿವೆ, ಆದರೆ ಆ ಗಾಯಗಳು ಇನ್ನು ಆತನನ್ನು ಕೊಲ್ಲಲಾರವು.

ಇನ್ನು ಬಳಕೆಯ ವಿಷಯ. ಯೇಸು ನೋವುಂಡನಾದ್ದರಿಂದ ನೀವೂ ಸುಮ್ಮನೆ ಸಹಿಸಿರೆಂದು ನೊಂದವರಿಗೆ ಹೇಳುವುದು ಈ ಬೋಧನೆಯ ದುರುಪಯೋಗ. ಸುವಾರ್ತೆಗಳಲ್ಲಿ ಯೇಸು ರೋಗಿಗಳನ್ನು ಗುಣಪಡಿಸುತ್ತಾನೆ. ಬಂಧನಕ್ಕೆ ಮುನ್ನ ಗೆತ್ಸೆಮನೆಯಲ್ಲಿ ತನ್ನ ಸಂಕಟದ ಪಾತ್ರೆಯೇ ತೊಲಗಲೆಂದು ಬೇಡುತ್ತಾನೆ. ಆತನ ಶಿಲುಬೆಯೂ ರೋಮನ್ ಆಡಳಿತ ವಿಧಿಸಿದ ಅನ್ಯಾಯದ ಮರಣದಂಡನೆಯಾಗಿತ್ತು. ಆದ್ದರಿಂದ ಹೊಡೆತ ತಿನ್ನುತ್ತಿರುವವರ ಮುಂದೆ ಶಿಲುಬೆಯ ಮಾತೆತ್ತುವ ಮೊದಲು ಆ ಹೊಡೆತವನ್ನು ನಿಲ್ಲಿಸುವ ದಾರಿ ಹುಡುಕಬೇಕು. ಕಾಯಿಲೆಯವರಿಗೆ ಚಿಕಿತ್ಸೆ ದೊರಕಿಸಬೇಕು. ಅವರೊಂದಿಗೆ ಪ್ರಾರ್ಥಿಸುವ ಸಂದರ್ಭ ಬಂದಾಗ, ಕತ್ತಲೆಯ ಮಾತಿನಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನಾಗಲಿ 22ರ ಪೂರ್ವಾರ್ಧವನ್ನಾಗಲಿ ಓದಿ, ಅವರು ಕೇಳುವವರೆಗೆ ಯಾವ ವಿವರಣೆಯನ್ನೂ ಸೇರಿಸದಿರುವುದು ಒಳ್ಳೆಯದು.