ತಲಬು ಬಂದಾಗ ಏನು ಮಾಡಬೇಕು: ಸಿಗರೇಟು ಬಿಡುವವರಿಗೆ ಗಂಜಿನ ಗುಮಾಸ್ತನ ಮಾತು

ತೊಗರಿ ಸುಗ್ಗಿಯಲ್ಲಿ ಸಿಗರೇಟು ಬಿಡಲು ಹೊರಡಬೇಡಿ. ಕಲಬುರಗಿಯ ಗಂಜಿನಲ್ಲಿ, ಅಂದರೆ ದವಸದ ಸಗಟು ಮಾರುಕಟ್ಟೆಯಲ್ಲಿ, ಅಡತ್ (ದಲಾಲಿ) ಅಂಗಡಿಯ ಲೆಕ್ಕ ಬರೆಯುವವನಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುಗ್ಗಿ ಶುರುವಾದರೆ ಚೀಲ, ತೂಕ, ಹರಾಜು, ರೈತರ ಪಟ್ಟಿ ಎಂದು ಊಟಕ್ಕೂ ಪುರುಸೊತ್ತು ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಬಿಟ್ಟವನು ಎರಡು ದಿನ ಹಮಾಲರ ಮೇಲೆ ರೇಗಾಡಿ ಮೂರನೆಯ ದಿನ ಪಾನ್ ಅಂಗಡಿಯ ಮುಂದೆ ನಿಂತಿರುತ್ತಾನೆ. ಮೇಷ್ಟರಿಗೆ ಪರೀಕ್ಷೆಯ ಕಾಲ, ಬ್ಯಾಂಕಿನವರಿಗೆ ಮಾರ್ಚ್, ಹೀಗೆ ಎಲ್ಲರ ಕೆಲಸದಲ್ಲೂ ಒಂದು ಸುಗ್ಗಿ ಇರುತ್ತದೆ. ಅದನ್ನು ತಪ್ಪಿಸಿ ದಿನ ಗೊತ್ತು ಮಾಡಿಕೊಳ್ಳಿ. ನಾನು ಶ್ರಾವಣವನ್ನು ಆರಿಸಿಕೊಂಡೆ. ಮನೆಯಲ್ಲಿ ಮಾಂಸದಡುಗೆ ನಿಂತಿರುತ್ತದೆ, ಸೋಮವಾರ ಶರಣಬಸವೇಶ್ವರರ ಗುಡಿಗೆ ಹೋಗುವವರ ಸಾಲು ಇರುತ್ತದೆ, ಏನನ್ನಾದರೂ ‘ಈ ತಿಂಗಳು ಬೇಡ’ ಎಂದರೆ ಯಾರೂ ಕಾರಣ ಕೇಳುವುದಿಲ್ಲ. ಕಾರಣ ಹೇಳುವ ಕೆಲಸ ತಪ್ಪಿದರೆ ಅರ್ಧ ಹೊರೆ ಇಳಿದ ಹಾಗೆ.

ಬಿಟ್ಟವರನ್ನು ಕೆಡವುವುದು ಎರಡು: ತಲಬು ಮತ್ತು ಕಳವಳ. ಎರಡಕ್ಕೂ ಸಿಗರೇಟೇ ಮದ್ದು ಎಂದು ನಾವು ನಂಬಿರುತ್ತೇವೆ. ಆದ್ದರಿಂದ ಎರಡನ್ನೂ ಬೇರೆ ಬೇರೆ ನೋಡುವುದು ಒಳ್ಳೆಯದು.

ತಲಬು ಬರುತ್ತದೆ, ಏರುತ್ತದೆ, ಇಳಿಯುತ್ತದೆ. ಹೆಚ್ಚಿನ ಸಲ ಅದು ಐದು ಹತ್ತು ನಿಮಿಷದ ಆಟ. ಸೇದಿದರೂ ಇಳಿಯುತ್ತದೆ, ಸೇದದಿದ್ದರೂ ಇಳಿಯುತ್ತದೆ. ಎರಡನೆಯದನ್ನು ನಾವು ಕಾದು ನೋಡಿರುವುದಿಲ್ಲ, ಅಷ್ಟೇ. ನಮ್ಮ ಪಕ್ಕದ ಅಂಗಡಿಯ ಮುನೀಮರು ರಂಜಾನಿನಲ್ಲಿ ಸಹರಿಯಿಂದ ಇಫ್ತಾರಿನವರೆಗೆ ಒಂದು ದಮ್ಮೂ ಎಳೆಯದೆ ಲೆಕ್ಕ ಬರೆಯುತ್ತಾರೆ. ಉಳಿದ ತಿಂಗಳುಗಳಲ್ಲಿ ಒಂದು ತಾಸು ತಡೆಯಲಾರರು. ದೇಹ ಅದೇ, ನಿಕೋಟಿನ್ ಅದೇ. ಸೇದುವ ಪ್ರಶ್ನೆಯೇ ಇಲ್ಲ ಎಂದು ಮನಸ್ಸಿಗೆ ಖಾತ್ರಿಯಾದ ಕಡೆ ತಲಬಿನ ಹಟವೂ ಅಷ್ಟಕ್ಕಷ್ಟೇ. ‘ನೋಡೋಣ, ಸಂಜೆ ಒಂದು’ ಎಂದು ಬಾಗಿಲು ಅರೆ ತೆರೆದಿಟ್ಟವರಿಗೇ ಅದರ ಕಾಟ ಜಾಸ್ತಿ.

ಆ ಐದು ನಿಮಿಷ ಹೇಗಿರುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಮಧ್ಯಾಹ್ನ ರೊಟ್ಟಿ ಉಂಡು ಗಾದಿಯ ಮೇಲೆ ಕುಳಿತಿರುತ್ತೇನೆ. ಬಲಗೈ ತನ್ನಷ್ಟಕ್ಕೆ ಅಂಗಿಯ ಕಿಸೆಗೆ ಹೋಗುತ್ತದೆ. ಬಾಯಲ್ಲಿ ನೀರೂರುತ್ತದೆ, ಕೂಡಿಸಿದ ಮೊತ್ತವನ್ನೇ ಮತ್ತೆ ಕೂಡಿಸುತ್ತಿರುತ್ತೇನೆ. ಆಗ ಮೊದಲ ಕೆಲಸ ಗಡಿಯಾರ ನೋಡುವುದು, ಎರಡನೆಯದು ಎದ್ದು ನಿಲ್ಲುವುದು. ಕುಳಿತಲ್ಲೇ ಕುಳಿತು ಮನಸ್ಸಿನೊಂದಿಗೆ ವಾದಕ್ಕಿಳಿದರೆ ಗೆಲ್ಲುವುದು ಮನಸ್ಸೇ. ಗಡಿಗೆಯ ನೀರನ್ನು ಒಂದೊಂದೇ ಗುಟುಕಾಗಿ ಕುಡಿಯುತ್ತೇನೆ, ಒಂದು ಲವಂಗ ದವಡೆಗೆ ಇಟ್ಟುಕೊಳ್ಳುತ್ತೇನೆ. ಬಾಗಿಲಿಗೆ ಬಂದು ಲಾರಿಗೆ ಏರುತ್ತಿರುವ ಚೀಲಗಳನ್ನು ಎಣಿಸುತ್ತೇನೆ. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಒಳಗೆ, ಎಂಟು ಎಣಿಸುವಷ್ಟು ಹೊತ್ತು ನಿಧಾನವಾಗಿ ಹೊರಗೆ. ಸಿಗರೇಟಿನ ನೆಮ್ಮದಿಯಲ್ಲಿ ಒಂದು ಪಾಲು ಈ ಉದ್ದನೆಯ ಉಸಿರಿನದೇ ಎಂಬುದು ನನ್ನ ಗುಮಾನಿ. ಗದ್ದಲದಿಂದ ಎದ್ದು ಹೊರಗೆ ಹೋಗಿ ದೀರ್ಘವಾಗಿ ಉಸಿರುಬಿಡಲು ನಮಗೆ ಅದೊಂದೇ ಪರವಾನಗಿ ಇತ್ತು. ಈಗ ಪರವಾನಗಿ ಇಲ್ಲದೆಯೇ ಎದ್ದು ಹೋಗಿ. ‘ಎಲ್ಲಿಗೆ ಹೊರಟೆ?’ ಎಂದು ಸಾಹುಕಾರರು ಕೇಳಿದರೆ ‘ಗಾಳಿಗೆ’ ಎನ್ನಿ.

ಕೈಗೂ ಕೆಲಸ ಬೇಕು. ಸಿಪ್ಪೆ ಇರುವ ಶೇಂಗಾ ಇದಕ್ಕೆ ಹೇಳಿ ಮಾಡಿಸಿದ್ದು, ಒಡೆಯಬೇಕು, ಬಿಡಿಸಬೇಕು, ಊದಬೇಕು. ಸಂಜೆಯ ಸುಸಲಾ ಮಿರ್ಚಿ ಬೇಡ ಎನ್ನುವುದಿಲ್ಲ, ಆದರೆ ಪ್ರತಿ ತಲಬಿಗೂ ಒಂದು ಪ್ಲೇಟು ಎಂದರೆ ಎರಡು ತಿಂಗಳಲ್ಲಿ ಅಂಗಿಯ ಗುಂಡಿ ಕೂಡುವುದಿಲ್ಲ.

ಇನ್ನು ಕಳವಳ. ಇದು ಹೆಚ್ಚು ಮೋಸದ್ದು. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ತಾಸಿಗೆ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಎದೆಯಲ್ಲಿ ತಳಮಳ, ಮೈಯಲ್ಲಿ ಚಡಪಡಿಕೆ, ಸಣ್ಣ ಮಾತಿಗೂ ಸಿಟ್ಟು. ಒಂದು ಸೇದಿದರೆ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟಿ ಎಲ್ಲ ಶಾಂತ. ‘ಸಿಗರೇಟಿನಿಂದ ಟೆನ್ಷನ್ ಕಡಿಮೆಯಾಯಿತು’ ಎನ್ನುತ್ತೇವೆ. ಕಡಿಮೆಯಾದ ಟೆನ್ಷನ್ನಿನಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟು ತಂದಿಟ್ಟದ್ದು. ನಿನ್ನೆಯ ಬಡ್ಡಿ ಕಟ್ಟಲು ಇಂದು ಹೊಸ ಸಾಲ ಕೊಡುವ ಲೇವಾದೇವಿಯವನ ವ್ಯವಹಾರ ಇದು. ಬಿಟ್ಟ ಎರಡು ಮೂರನೆಯ ದಿನ ಈ ತಳಮಳ ಜೋರು, ಮೊದಲ ವಾರ ಕಷ್ಟ, ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಬಿಟ್ಟು ಕೆಲವು ತಿಂಗಳಾದವರಲ್ಲಿ ಆತಂಕ ಮೊದಲಿಗಿಂತ ಕಡಿಮೆ ಇರುತ್ತದೆ ಎಂದು ಅಧ್ಯಯನಗಳೇ ಹೇಳುತ್ತವೆ. ಆದ್ದರಿಂದ ಮೊದಲ ವಾರದ ನಿಮ್ಮನ್ನು ನೋಡಿ ‘ನನ್ನ ಸ್ವಭಾವವೇ ಹೀಗೆ’ ಎಂದು ತೀರ್ಮಾನಿಸಬೇಡಿ. ಮನೆಯವರಿಗೂ ಮೊದಲೇ ಹೇಳಿಡಿ. ನನ್ನ ಹೆಂಡತಿ ಆ ವಾರ ‘ಇಂದು ಸಿಟ್ಟು ನಮ್ಮ ಮೇಲೋ, ಸಿಗರೇಟಿನ ಮೇಲೋ?’ ಎಂದು ಬಾಗಿಲಲ್ಲೇ ಕೇಳುತ್ತಿದ್ದಳು. ಉತ್ತರ ಹುಡುಕುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು.

ಯಾರೂ ಹೇಳದ ಒಂದು ಸಂಗತಿ ಚಹಾದ್ದು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳಿಂದ ಯಕೃತ್ತು ಕೆಫೀನನ್ನು ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಆ ವೇಗವೂ ನಿಲ್ಲುತ್ತದೆ. ಅಷ್ಟೇ ಚಹಾ ಕುಡಿದರೂ ಕೆಫೀನು ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಎಲ್ಲವನ್ನೂ ಸಿಗರೇಟು ಬಿಟ್ಟದ್ದರ ಖಾತೆಗೆ ಬರೆಯುತ್ತೇವೆ. ಗಂಜಿನಲ್ಲಿ ಬಂದ ರೈತನಿಗೊಂದು, ಹೋದ ಲಾರಿಯವನಿಗೊಂದು ಎಂದು ಚಹಾ ಬರುತ್ತಲೇ ಇರುತ್ತದೆ. ಅದನ್ನು ಅರ್ಧಕ್ಕೆ ಇಳಿಸಿ, ಸಂಜೆಯ ನಂತರ ಬೇಡವೇ ಬೇಡ. ನಮ್ಮ ಬಿಸಿಲಿಗೆ ಮಜ್ಜಿಗೆಯೇ ಸರಿ. ಚಹಾದ ಜಾಗವನ್ನೂ ಬದಲಿಸಿ. ಅದೇ ಅಂಗಡಿ, ಅದೇ ಕಟ್ಟೆ, ಅದೇ ಗೆಳೆಯರು ಎಂದರೆ ಬೆರಳು ತಾನೇ ಬೆಂಕಿಪೆಟ್ಟಿಗೆ ಹುಡುಕುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ ಕೆಲಸ ಮಾಡುತ್ತದೆ, ಆದರೆ ಅಗಿಯುವ ರೀತಿ ಗೊತ್ತಿರಬೇಕು. ಬಬಲ್ ಗಮ್ಮಿನಂತೆ ಜಗಿದು ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ಉರಿ. ‘ಇದು ನನಗೆ ಆಗದು’ ಎಂದು ಎಸೆದವರೆಲ್ಲ ಹೀಗೇ ಜಗಿದವರು. ನಿಧಾನವಾಗಿ ಕೆಲವು ಸಲ ಅಗಿಯಿರಿ, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ, ಖಾರ ಹೋದ ಮೇಲೆ ಮತ್ತೆ ಅಗಿಯಿರಿ. ಹೀಗೆ ಅರ್ಧ ತಾಸು. ಅದಕ್ಕೆ 15 ನಿಮಿಷ ಮೊದಲು ಮತ್ತು ಬಾಯಲ್ಲಿ ಇರುವಾಗ ಚಹಾ, ಸೋಡಾ, ನಿಂಬೆ ಶರಬತ್ತು ಕುಡಿಯಬಾರದು, ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎದ್ದ ಅರ್ಧ ತಾಸಿನೊಳಗೆ ಸೇದುವ ಚಟ ಇದ್ದವರಿಗೆ 2 ಮಿಲಿಗ್ರಾಂ ಸಾಲದೆ ಹೋಗಬಹುದು. 4 ಮಿಲಿಗ್ರಾಂ ಬೇಕೇ ಎಂದು ವೈದ್ಯರನ್ನು ಕೇಳಿ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಕೇಳದೆ ಕೊಳ್ಳಬಾರದು.

ಸಿಗರೇಟಿನ ಬದಲು ಗುಟ್ಕಾ, ಮಾವಾ, ಜರ್ದಾ ಹಿಡಿಯುವುದು ನಮ್ಮ ಕಡೆಯ ದೊಡ್ಡ ಪಿಡುಗು. ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಜೋಡಿಯಾಗಿ ಮಾರುತ್ತಾರೆ, ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ನಿಕೋಟಿನ್ ಅದರಲ್ಲೂ ಇದೆ. ಬಾಯಿ ತೆರೆಯಲಾಗದಂತೆ ಬಿಗಿಯುವ ಕಾಯಿಲೆ, ಬಾಯಿ ಕ್ಯಾನ್ಸರ್ ಬರುವುದು ಈ ದಾರಿಯಲ್ಲೇ. ತಂಬಾಕಿಲ್ಲದ ಅಡಿಕೆಯೂ ಸೋಂಪಿನಷ್ಟು ಸಾಧು ಅಲ್ಲ.

ಒಬ್ಬರೇ ಹೆಣಗಬೇಕಾಗಿಲ್ಲ. ಸಿಗರೇಟಿನ ಪೊಟ್ಟಣದ ಮೇಲೇ ಅಚ್ಚಾಗುವ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಹಣ ಖರ್ಚಾಗುವುದಿಲ್ಲ, ಕನ್ನಡದಲ್ಲೂ ಮಾತನಾಡಬಹುದು. ಕಳವಳ ಎರಡು ಮೂರು ವಾರವಾದರೂ ಸ್ವಲ್ಪವೂ ಇಳಿಯದಿದ್ದರೆ, ಬದುಕೇ ಬೇಡ ಎನ್ನಿಸಿದರೆ ತಡ ಮಾಡದೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಎದೆನೋವು, ಉಸಿರು ಕಟ್ಟುವುದು ಕಂಡರೆ ‘ಬಿಟ್ಟದ್ದಕ್ಕೆ ಹೀಗೆ’ ಎಂದು ಕೂರದೆ ಆಸ್ಪತ್ರೆಗೆ ಹೋಗಿ. ಮಾನಸಿಕ ಕಾಯಿಲೆಗೆ ಮಾತ್ರೆ ನುಂಗುತ್ತಿರುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಬಿಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಕೆಲವು ಮಾತ್ರೆಗಳ ಪ್ರಮಾಣವನ್ನು ಬದಲಿಸಬೇಕಾಗುತ್ತದೆ.

ಮದುವೆ ಮನೆಯಲ್ಲೋ ಸಾವಿನ ಮನೆಯಲ್ಲೋ ಯಾರೋ ಕೊಟ್ಟದ್ದನ್ನು ಸೇದಿಬಿಟ್ಟಿರಿ ಎನ್ನೋಣ. ಆಗ ‘ಹೇಗೂ ಕೆಟ್ಟಿತು, ಮುಂದಿನ ಅಮಾವಾಸ್ಯೆಯಿಂದ ನೋಡೋಣ’ ಎನ್ನುವ ಲೆಕ್ಕ ಹಾಕಬೇಡಿ. ಅದು ಒಂದೇ ಸಿಗರೇಟು, ಮುಂದಿನದನ್ನು ಸೇದದಿದ್ದರೆ ಆಯಿತು. ಯಾರು ಕೊಟ್ಟರು, ಎಲ್ಲಿ ನಿಂತಿದ್ದಿರಿ, ಹೊಟ್ಟೆ ಹಸಿದಿತ್ತೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಮದುವೆಗೆ ಉಂಡು ಹೋಗಿ, ಕಿಸೆಯಲ್ಲಿ ಲವಂಗ ಇರಲಿ.