ಮಗ್ಗ ನಿಂತಾಗ ಏಳದೆ ಕೂತದ್ದು

ಬನಹಟ್ಟಿಯಲ್ಲಿ ಮಗ್ಗದ ಸದ್ದಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸದ್ದು ನಿಂತರೇ ಎಚ್ಚರ ಆಗುವುದು. ನಮ್ಮ ಊಟದ ಕೋಣೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಆ ಕಡೆ ಹದಿನಾರು ಪವರ್‌ಲೂಮ್. ಈ ಕಡೆ ರೊಟ್ಟಿ ಮುರಿಯುತ್ತಾ ಕೂತ ನನಗೆ, ಹದಿನಾರರಲ್ಲಿ ಒಂದು ನಿಂತರೂ ಗೊತ್ತಾಗುತ್ತಿತ್ತು. ಹಾಸಿನ ಉದ್ದನೆಯ ಎಳೆ ಕಡಿದು ನೇಕಾರ ನಿಲ್ಲಿಸಿದನೋ, ಲಾಳಿಯಲ್ಲಿ ಅಡ್ಡನೂಲಿನ ಕಂಡಿಕೆ ಮುಗಿದು ತಾನೇ ನಿಂತಿತೋ, ಅದನ್ನೂ ಹೆಚ್ಚುಕಡಿಮೆ ಹೇಳುತ್ತಿದ್ದೆ. ತಕ್ಷಣ ತಾಟು ಸರಿಸಿ ಎದ್ದುಬಿಡುತ್ತಿದ್ದೆ.

ಇಪ್ಪತ್ತು ವರ್ಷ ಹೀಗೇ ಉಂಡೆ. ನೆಂಟರು ಬಂದಾಗ ಯಾರಾದರೂ ಹೇಳೇ ಹೇಳುತ್ತಿದ್ದರು, ‘ಏನ್ ಮನಶ್ಯಾ ರೀ, ಮನಿ ಸಲುವಾಗಿ ಉಣ್ಣೂದೂ ಬಿಟ್ಟಾನ.’ ನಿಜ ಹೇಳಬೇಕೆಂದರೆ, ನೆಂಟರಿದ್ದ ದಿನ ತಾಟು ಸರಿಸುವ ಸದ್ದು ಸ್ವಲ್ಪ ಜಾಸ್ತಿಯೇ ಇರುತ್ತಿತ್ತು.

ಅಪ್ಪ ತೀರಿಕೊಂಡದ್ದು 1998ರಲ್ಲಿ. ನಾನಾಗ ಜಮಖಂಡಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಕೆಳಗೆ ಇಬ್ಬರು ತಮ್ಮಂದಿರು, ಒಬ್ಬ ತಂಗಿ. ಆರು ಮಗ್ಗ, ಒಂದಷ್ಟು ಸಾಲ. ಕಾಲೇಜು ಬಿಟ್ಟು ಬಂದೆ. ತಮ್ಮಂದಿರನ್ನು ಓದಿಸಿದೆ, ತಂಗಿಯ ಮದುವೆ ಮಾಡಿದೆ, ಆರು ಮಗ್ಗ ಹದಿನಾರಾದವು. ಇದರಲ್ಲಿ ಸುಳ್ಳಿಲ್ಲ. ಆದರೆ ಇದನ್ನು ಎಷ್ಟು ಸಲ ಹೇಳಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಮದುವೆಯಲ್ಲಿ, ತೊಟ್ಟಿಲಲ್ಲಿ, ಕಾಡಸಿದ್ಧೇಶ್ವರ ಜಾತ್ರೆಗೆ ಬಂದ ಬೀಗರ ಮುಂದೆ, ಕೊನೆಗೆ ನೂಲಿನ ವ್ಯಾಪಾರಿಯ ಮುಂದೂ. ‘ನಾ ಕಾಲೇಜ್ ಬಿಟ್ಟೆ’ ಅನ್ನುವಲ್ಲಿಗೆ ಬಂದಾಗ ದನಿ ತಾನಾಗೇ ಇಳಿಯುತ್ತಿತ್ತು. ಮಾತು ಅಲ್ಲಿಗೆ ಬಂತೆಂದರೆ ತಮ್ಮಂದಿರು ಮೊಬೈಲ್ ನೋಡಲು ಶುರು ಮಾಡುತ್ತಿದ್ದರು. ಕೃತಜ್ಞತೆ ಇಲ್ಲದ ಜನ ಅಂದುಕೊಳ್ಳುತ್ತಿದ್ದೆ.

‘ಮಾಡಿದೆ ಅನ್ನಬಾರದು’ ಎಂಬ ಬಸವಣ್ಣನವರ ಮಾತು ಕೇಳಿಕೊಂಡೇ ಬೆಳೆದವರು ನಾವು. ಕೂಡಲಸಂಗಮ ಇರುವುದು ನಮ್ಮ ಜಿಲ್ಲೆಯಲ್ಲೇ. ಆ ಮಾತನ್ನು ನಾನೇ ಎಷ್ಟೋ ಜನರಿಗೆ ಉಪದೇಶ ಮಾಡಿದ್ದೇನೆ, ‘ನಾ ಇಷ್ಟೆಲ್ಲಾ ಮಾಡೀನಿ, ಒಂದ್ ದಿನಾ ಮಾಡೀನಿ ಅಂದಿಲ್ಲ’ ಅಂತ. ಇದರಲ್ಲಿ ನಗುವಂಥದ್ದೇನಿದೆ ಅಂತ ಆಗ ತಿಳಿದಿರಲಿಲ್ಲ.

ಪೆಟ್ಟು ಬಿದ್ದದ್ದು ಲಾಕ್‌ಡೌನ್ ಮುಗಿದ ಮೇಲೆ. ನಡುವಿನ ತಮ್ಮ ಮಹಾಲಿಂಗಪುರದಲ್ಲಿ ಬಟ್ಟೆ ಅಂಗಡಿ ಹಾಕಿದ್ದ. ಸಾಲದ ಕಂತು ನಿಂತಿದ್ದವು. ಬ್ಯಾಂಕಿನವರ ಹತ್ತಿರ ಮಾತಾಡಿ, ಕಂತು ಸಣ್ಣದು ಮಾಡಿಸಿಕೊಳ್ಳಲು ಓಡಾಡುತ್ತಿದ್ದ. ನನಗೆ ಯಾರಿಂದಲೋ ಸುದ್ದಿ ಬಂತು. ಅವನನ್ನು ಒಂದು ಮಾತು ಕೇಳಲಿಲ್ಲ. ಹೆಂಡತಿಯ ಬಂಗಾರದ ಪಾಟ್ಲಿ ಬಳೆ ಅಡವಿಟ್ಟು, ಬಾಕಿ ಅಷ್ಟನ್ನೂ ಕಟ್ಟಿ ಬಂದೆ. ರಶೀದಿಯನ್ನು ಅವನ ಮುಂದೆ ಇಟ್ಟಾಗ ಅವನು ಅಳುತ್ತಾನೆ ಅಂದುಕೊಂಡಿದ್ದೆ. ಸುಳ್ಳು ಯಾಕೆ, ಅಳಲಿ ಅಂತ ಕಾಯುತ್ತಿದ್ದೆ.

ಅವನು ರಶೀದಿ ನೋಡಿದ. ಆಮೇಲೆ ನಿಧಾನಕ್ಕೆ ಹೇಳಿದ, ‘ಅಣ್ಣಾ, ಬ್ಯಾಂಕಿನ ಸಾಲಾನ ಛಲೋ ಇತ್ತು. ಕಂತು ತೀರಿದ ಮ್ಯಾಲ ಅವರು ಕೈ ಮುಗದು ಬಿಡ್ತಾರ. ನಿನ್ನ ಕಂತು ಯಾವಾಗ ತೀರತೈತಿ?’

ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟೆ. ಬಿಪಿ ಏರಿತು. ನಿದ್ದೆ ಹೋಯಿತು. ಬೆಳಗಾವಿಯ ಡಾಕ್ಟರ್ ಒಬ್ಬರು ಗುಳಿಗೆ ಬರೆದುಕೊಟ್ಟು, ಜೊತೆಗೆ ಒಬ್ಬ ಆಪ್ತಸಮಾಲೋಚಕರ ಹತ್ತಿರ ಕಳಿಸಿದರು. ತಲೆ ಕೆಟ್ಟವರು ಹೋಗುವ ಜಾಗ ಅಂತ ಮೊದಲು ಸಿಟ್ಟು ಬಂತು. ಹೋದೆ. ಅರ್ಧ ಗಂಟೆ ನನ್ನ ಕಥೆ ಹೇಳಿದೆ, ಕಾಲೇಜಿನಿಂದಲೇ ಶುರು. ಆ ಹೆಣ್ಣುಮಗಳು ಪೂರ್ತಿ ಕೇಳಿ, ಹಾಳೆಯ ಮೇಲೆ ಒಂದು ತ್ರಿಕೋನ ಬರೆದರು.

ಸ್ಟೀಫನ್ ಕಾರ್ಪ್‌ಮನ್ ಅನ್ನುವ ಅಮೆರಿಕದ ಮನೋವೈದ್ಯ 1968ರಲ್ಲಿ ಬರೆದದ್ದಂತೆ. ಮಕ್ಕಳ ಕಥೆಗಳನ್ನು ಇಟ್ಟುಕೊಂಡೇ ಆತ ಅದನ್ನು ವಿವರಿಸಿದ್ದು. ಒಂದು ಮೂಲೆಯಲ್ಲಿ ಕಾಪಾಡುವವ, ಇನ್ನೊಂದರಲ್ಲಿ ಕಾಡುವವ, ಮತ್ತೊಂದರಲ್ಲಿ ಕಷ್ಟಕ್ಕೆ ಸಿಕ್ಕವ. ಮುಖ್ಯ ಸಂಗತಿ ಮೂರು ಮೂಲೆ ಇರುವುದಲ್ಲ, ಜನ ಒಂದರಿಂದ ಇನ್ನೊಂದಕ್ಕೆ ಜಿಗಿಯುವುದು. ಕಾಪಾಡಲು ಹೋದವನಿಗೆ ಬೇಕಾದ ಮರ್ಯಾದೆ ಸಿಗಲಿಲ್ಲವೋ, ‘ನನ್ನನ್ನು ಯಾರೂ ಕೇಳಲ್ಲ’ ಅಂತ ಕಷ್ಟದವನ ಮೂಲೆಗೆ ಬರುತ್ತಾನೆ. ಅಲ್ಲಿಂದ ಸಿಟ್ಟು ಮಾಡಿಕೊಂಡು, ಮಾತು ಬಿಟ್ಟು, ಕಾಡುವವನಾಗುತ್ತಾನೆ. ಅಲ್ಲಿಯವರೆಗೆ ನಾನು ತಮ್ಮನ ವಿಷಯದಲ್ಲಿ ಏನೇನು ಮಾಡಿದ್ದೆನೋ ಅದೆಲ್ಲ ಆ ಹಾಳೆಯ ಮೇಲಿತ್ತು. ಅಮೆರಿಕದವನಿಗೆ ನಮ್ಮ ಮನೆ ಹೇಗೆ ಗೊತ್ತಾಯಿತೋ ಅನ್ನಿಸಿತು.

ಹಾಗಾದರೆ ಸಹಾಯವನ್ನೇ ಮಾಡಬಾರದಾ ಅಂತ ಜಗಳಕ್ಕೆ ನಿಂತೆ. ಬೆಂಕಿ ಬಿದ್ದ ಮನೆಗೆ ನೀರು ತರುವುದು ಬೇರೆ, ಇದು ಬೇರೆ ಅಂದರು. ಮೂರು ಪ್ರಶ್ನೆ ಕೊಟ್ಟರು. ಅವರು ಕೇಳಿದರಾ? ಅವರ ಪಾಲಿನ ಕೆಲಸವನ್ನೂ ನೀವೇ ಮಾಡುತ್ತಿದ್ದೀರಾ? ಮನಸ್ಸಿಲ್ಲದಿದ್ದರೂ ಮಾಡುತ್ತಿದ್ದೀರಾ? ಪಾಟ್ಲಿ ಅಡವಿಟ್ಟದ್ದಕ್ಕೆ ಮೂರೂ ಉತ್ತರ ನನ್ನ ವಿರುದ್ಧವೇ ಬಂದವು. ಪಾಟ್ಲಿಯ ಒಡತಿಯನ್ನಂತೂ ನಾನು ಕೇಳಿರಲೇ ಇಲ್ಲ. ‘ಕೊಡು’ ಅಂದಿದ್ದೆ.

ಬಸ್ಸಿನಲ್ಲಿ ವಾಪಸ್ ಬರುವಾಗ 2019ರ ಆಗಸ್ಟ್ ನೆನಪಾಯಿತು. ಕೃಷ್ಣೆ ಉಕ್ಕಿ ನಮ್ಮ ಸುತ್ತಲಿನ ಊರು ಮುಳುಗಿದ ಮಹಾಪೂರ. ನಾನು ಎರಡು ಗಾಡಿ ರೊಟ್ಟಿ, ಶೇಂಗಾ ಚಟ್ನಿ ತುಂಬಿಕೊಂಡು ನೆರೆಯವರಿದ್ದ ಶಾಲೆಗೆ ಹೋಗಿದ್ದೆ. ಅಲ್ಲಿ ಮೊದಲೇ ರೊಟ್ಟಿ ರಾಶಿ ಬಿದ್ದಿತ್ತು. ಒಬ್ಬ ಮುದುಕಿ ನನ್ನ ಗಂಟು ನೋಡಿ, ‘ರೊಟ್ಟಿ ಸಾಕಾಗೇತಿ ಯಪ್ಪಾ. ಎಮ್ಮಿ ಮೂರು ದಿನಾತು ಉಪಾಸ ನಿಂತಾವ, ಮೇವು ಐತೇನು?’ ಅಂದಳು. ಮೇವು ಇರಲಿಲ್ಲ. ರೊಟ್ಟಿಯನ್ನೇ ಇಳಿಸಿ, ಫೋಟೋ ತೆಗೆಸಿಕೊಂಡು ಬಂದೆ. ಹೊರಡುವ ಮೊದಲು ಒಂದು ಫೋನ್ ಮಾಡಿ ‘ಏನು ಬೇಕು’ ಅಂತ ಕೇಳಬಹುದಿತ್ತು, ಅಲ್ವಾ? ಹೊಳೆದೇ ಇರಲಿಲ್ಲ.

ಮನೆಗೆ ಬಂದ ರಾತ್ರಿಯೇ ನಾನು ಮಾಡಿದ್ದು ಶುದ್ಧ ಹುಚ್ಚುತನ. ಎಲ್ಲರನ್ನೂ ಕೂರಿಸಿ, ‘ಇವತ್ತಿನಿಂದ ನನ್ನದೇನೂ ಇಲ್ಲ. ಕೀಲಿಕೈ, ಲೆಕ್ಕ, ವ್ಯವಹಾರ ಎಲ್ಲಾ ನಿಮಗೇ ಬಿಟ್ಟೆ. ನನಗೆ ಎರಡು ರೊಟ್ಟಿ ಹಾಕಿದರೆ ಸಾಕು’ ಅಂದೆ. ಗಂಟಲು ಕಟ್ಟಿತು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸಣ್ಣ ತಮ್ಮ ಗಾಬರಿಯಾದ. ನನ್ನ ಹೆಂಡತಿ ಮಾತ್ರ ಪಾತ್ರೆ ಎತ್ತುತ್ತಾ, ‘ಬಿಡೂದಕ್ಕೂ ಮೈಕ್ ಹಚ್ಚಬೇಕಾ ನಿಮಗ?’ ಅಂದಳು.

ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ಖರೇ. ಎಲ್ಲವನ್ನೂ ಬಿಟ್ಟೆ ಅನ್ನುವುದು ಎಲ್ಲವನ್ನೂ ಹೊತ್ತೆ ಅನ್ನುವುದಕ್ಕಿಂತ ದೊಡ್ಡ ನಾಟಕ. ಎರಡರಲ್ಲೂ ದೀಪ ನನ್ನ ಮೇಲೇ. ಮರುದಿನ ಬೆಳಿಗ್ಗೆ ಕೀಲಿಕೈ ವಾಪಸ್ ನನ್ನ ಕಿಸೆಯಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ.

ಹಾಗಾಗಿ ಯಾರಿಗೂ ಹೇಳದೆ, ಸಣ್ಣದರಿಂದ ಶುರು ಮಾಡಿದೆ. ಊಟಕ್ಕೆ ಕೂತಾಗ ಮಗ್ಗ ನಿಂತರೆ ಏಳುವುದಿಲ್ಲ. ಅಷ್ಟೇ.

ಇದು ಎಷ್ಟು ಕಷ್ಟ ಅಂತ ಮಗ್ಗದ ಮನೆಯವರಿಗೇ ಗೊತ್ತು. ಮೊದಲ ದಿನ ಬಾಗಿಲ ಕಡೆಯ ಮಗ್ಗ ನಿಂತಿತು. ಬಾಯಿಯಲ್ಲಿ ತುತ್ತು ಹಾಗೇ ನಿಂತಿತು. ಎಡಗಾಲು ತಾನಾಗೇ ಮಡಿಕೆ ಬಿಚ್ಚಿತು. ತೊಡೆ ಬಿಗಿಯಾಯಿತು, ಕಿವಿ ಬಿಸಿಯಾಯಿತು. ತಲೆಯೊಳಗೆ ಲೆಕ್ಕ ಓಡುತ್ತಿತ್ತು, ಇಷ್ಟು ನಿಮಿಷಕ್ಕೆ ಇಷ್ಟು ಮೊಳ. ಎಡಗೈಯಿಂದ ತಾಟಿನ ಅಂಚು ಹಿಡಿದುಕೊಂಡೆ. ಚಟ್ನಿಯಲ್ಲಿ ಶೇಂಗಾ ಸರಿಯಾಗಿ ಹುರಿದಿಲ್ಲ ಅಂತ ಗೊತ್ತಾಯಿತು. ಇಷ್ಟು ವರ್ಷ ಚಟ್ನಿಯ ರುಚಿ ನೋಡಿದವರು ಯಾರು? ಐದನೇ ತುತ್ತಿಗೆ ಮಗ್ಗ ಮತ್ತೆ ಖಟಖಟ ಅಂತು. ಒಳಗಿದ್ದ ನೇಕಾರ ಎಳೆ ಹುಡುಕಿ, ಗಂಟು ಹಾಕಿ, ಚಾಲೂ ಮಾಡಿದ್ದ. ನಾನು ಹೋಗಿದ್ದರೂ ಮಾಡುತ್ತಿದ್ದದ್ದು ಅವನೇ. ನಾನು ಬೆನ್ನ ಹಿಂದೆ ನಿಂತಿರುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಆಶ್ಚರ್ಯ ಏನೆಂದರೆ, ನನಗೆ ಸಮಾಧಾನ ಆಗಲಿಲ್ಲ. ಬೇಜಾರಾಯಿತು. ನಾನಿಲ್ಲದೆ ಐದು ತುತ್ತಿನಲ್ಲಿ ಮುಗಿಯುವ ಕೆಲಸ ಅದು. ಆ ಬೇಜಾರಿನ ಜೊತೆ ಕೂರುವುದೇ ನಿಜವಾದ ಅಭ್ಯಾಸ ಅಂತ ಆಮೇಲೆ ಸಮಾಲೋಚಕರು ಹೇಳಿದರು.

ಫೋನಿನದ್ದೂ ಒಂದು ಕಟ್ಟಳೆ ಮಾಡಿಕೊಂಡೆ. ಯಾರೇ ಕಷ್ಟ ಹೇಳಿಕೊಂಡರೂ ‘ನಾ ನೋಡ್ಕೋತೀನಿ ಬಿಡು’ ಅನ್ನುತ್ತಿದ್ದವನು, ಈಗ ‘ನಾ ಏನ್ ಮಾಡ್ಲಿ?’ ಅಂತ ಕೇಳತೊಡಗಿದೆ. ಹತ್ತರಲ್ಲಿ ಆರೇಳು ಜನ ‘ಏನಿಲ್ಲ, ಸುಮ್ನೆ ಹೇಳಿದೆ’ ಅಂದರು. ತಂಗಿಯಂತೂ, ‘ಯಣ್ಣಾ, ನೀ ಕೇಳ್ತೀಯಲ್ಲ, ಅಷ್ಟು ಸಾಕು’ ಅಂತ ಒಂದು ತಾಸು ಮಾತಾಡಿದಳು. ಅವಳಿಗೆ ಅಷ್ಟು ಮಾತು ಬರುತ್ತದೆ ಅಂತ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೈ ಜಾರಿದ್ದೂ ಉಂಟು. ನೂಲು ಖರೀದಿಯನ್ನು ಸಣ್ಣ ತಮ್ಮನಿಗೆ ಕೊಟ್ಟೆ. ಇಚಲಕರಂಜಿಗೆ ಅವನೊಬ್ಬನೇ ಹೋದ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಎರಡು ಬೇರೆ ಬೇರೆ ಲಾಟಿನ, ಅಂದರೆ ಬೇರೆ ಬೇರೆ ಸಲ ಬಣ್ಣ ಹಾಕಿದ ನೂಲು ಬೆರೆಸಿ ತಂದ. ಕಣ್ಣಿಗೆ ಒಂದೇ ಬಣ್ಣ. ನೇಯ್ದ ಮೇಲೆ ಸೀರೆಯ ಮೈಯಲ್ಲಿ ಅಡ್ಡಡ್ಡ ಪಟ್ಟೆ ಕಂಡವು. ನಲವತ್ತಕ್ಕೂ ಹೆಚ್ಚು ಸೀರೆ ಕಡಿಮೆ ದರಕ್ಕೆ ಹೋದವು. ಅವನು ತಲೆ ತಗ್ಗಿಸಿ ನಿಂತಿದ್ದ. ಆಗ ನನ್ನ ಎದೆಯಲ್ಲಿ ಆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಖುಷಿಯಾಯಿತು. ನೋಡಿದಿರಾ, ನಾನಿಲ್ಲದಿದ್ದರೆ ಹೀಗೇ, ಅನ್ನುವ ಖುಷಿ. ಮನೆಗೆ ನಷ್ಟವಾದಾಗ ಮನೆಗಾಗಿ ಬದುಕಿದವನಿಗೆ ಖುಷಿ! ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ ಆವತ್ತು ಸಡಿಲವಾದಷ್ಟು ಬೇರೆ ಯಾವತ್ತೂ ಆಗಿಲ್ಲ. ಮುಂದಿನ ಖರೀದಿಗೂ ಅವನನ್ನೇ ಕಳಿಸಿದೆ. ಕಳಿಸಿದ್ದು ದೊಡ್ಡ ಮನಸ್ಸಿನಿಂದಲ್ಲ, ನನ್ನ ಮೇಲೆ ನನಗೇ ಬಂದ ಸಂಶಯದಿಂದ.

ಇನ್ನು ಕಾಲೇಜಿನ ಕಥೆ. ಅದನ್ನು ಹೇಳುವುದು ನಿಲ್ಲಿಸಿ ಆರೇಳು ತಿಂಗಳಾಗಿತ್ತು. ಹೇಳದೆ ಇದ್ದಾಗ ಅದು ಒಳಗೆ ಬೇರೆ ತರಹ ಕಾಣತೊಡಗಿತು. ನಾನು ಯಾರಿಗೂ ಹೇಳದ ಒಂದು ಭಾಗ ಅದರಲ್ಲಿತ್ತು. ಮೊದಲ ವರ್ಷ ಭೌತಶಾಸ್ತ್ರ, ಗಣಿತ ಎರಡರಲ್ಲೂ ನಾನು ಫೇಲಾಗಿದ್ದೆ. ಎರಡನೇ ವರ್ಷ ತರಗತಿಯಲ್ಲಿ ಕೂತರೆ ಹೊಟ್ಟೆಯಲ್ಲಿ ಕಲ್ಲು ಇಟ್ಟ ಹಾಗೆ ಆಗುತ್ತಿತ್ತು. ಅಪ್ಪ ಹೋದ ದುಃಖ ಖರೇ. ಮನೆಗೆ ನಾನು ಬೇಕಾಗಿದ್ದೂ ಖರೇ. ಆದರೆ ಹಾಸ್ಟೆಲ್ ಟ್ರಂಕ್ ಹೊತ್ತು ಜಮಖಂಡಿಯಲ್ಲಿ ಬಸ್ ಹತ್ತಿದಾಗ, ಇನ್ನು ಆ ಪರೀಕ್ಷೆ ಬರೆಯಬೇಕಿಲ್ಲ ಅಂತ ಹಗುರಾಗಿತ್ತು. ಆ ಹಗುರವನ್ನು ಮುಚ್ಚಲಿಕ್ಕೇ ತ್ಯಾಗದ ಕಥೆ ದಪ್ಪವಾಗುತ್ತಾ ಹೋಯಿತೋ ಏನೋ.

ಕಳೆದ ವರ್ಷ ಜಾತ್ರೆಯ ಮರುದಿನ, ನೆಂಟರೆಲ್ಲ ಹೋದ ಮೇಲೆ, ನಡುವಿನ ತಮ್ಮನ ಜೊತೆ ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದೆ. ಮಗ್ಗಕ್ಕೆ ರಜೆ, ಊರೆಲ್ಲಾ ಗಪ್ ಅಂದಿತ್ತು. ಬಾಯಿ ಒಣಗಿತು, ಆದರೂ ಹೇಳಿದೆ. ‘ನಾ ನಿಮ್ಮ ಸಲುವಾಗಿ ಅಷ್ಟ ಕಾಲೇಜ್ ಬಿಟ್ಟಿಲ್ಲೋ. ಎರಡು ವಿಷಯ ಫೇಲ್ ಇದ್ದವು.’

ಅವನು ಚುರುಮುರಿ ತಿನ್ನುತ್ತಿದ್ದ. ತಲೆ ಎತ್ತಲಿಲ್ಲ.

‘ಗೊತ್ತೈತಿ’ ಅಂದ.

‘ಹೆಂಗ?’

‘ಅಪ್ಪನ ಟ್ರಂಕಿನ್ಯಾಗ ನಿನ್ನ ಮಾರ್ಕ್ಸ್ ಕಾರ್ಡ್ ಇತ್ತಲ್ಲ. ನಾ ಎಂಟನೇತ್ತಾ ಇದ್ದಾಗನ ನೋಡೀನಿ.’

‘ಮತ್ತ ಯಾಕ ಹೇಳಲಿಲ್ಲ?’

‘ನೀ ಅಷ್ಟು ಛಂದ ಹೇಳ್ತಿದ್ದಿ’ ಅಂದವನು, ಚುರುಮುರಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದ.