ವಾರವಿಡೀ ಆಫೀಸಿಗೂ ಅದೇ ಕಾರು, ಟ್ರ್ಯಾಕಿಗೂ ಅದೇ ಕಾರು: ನಾನು ಆರಿಸಿದ್ದು ಹೀಗೆ

ಮೂರನೇ ಸೆಷನ್ನಿನಲ್ಲಿ ಬ್ರೇಕ್ ಪೆಡಲ್ ಮುಕ್ಕಾಲು ಭಾಗ ಒಳಗೆ ಹೋಗಿಬಿಟ್ಟಿತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್. ನಮ್ಮದೇ ಕಾರು ತಂದು ಓಡಿಸುವ ದಿನ, ಒಂದೊಂದು ಸರದಿಗೂ ಸೆಷನ್ ಅಂತಾರೆ. ಮುಖ್ಯ ಸ್ಟ್ರೇಟ್ ಮುಗಿದು ಸಿ1 ಅನ್ನೋ ಬಲತಿರುವು ಬರುವ ಜಾಗ. ಹಿಂದಿನ ಸುತ್ತಿನವರೆಗೂ ಗಟ್ಟಿಯಾಗಿದ್ದ ಪೆಡಲ್, ಈ ಸಲ ಒದ್ದೆ ಸ್ಪಂಜು ತುಳಿದ ಹಾಗಿತ್ತು. ಎರಡು ಸಲ ಪಂಪ್ ಮಾಡಿದೆ, ಮೂರನೇ ಸಲಕ್ಕೆ ಸ್ವಲ್ಪ ಹಿಡಿಯಿತು, ಅಷ್ಟರಲ್ಲಿ ತಿರುವು ಕೈಬಿಟ್ಟು ನೇರ ಹೊರಗಿನ ಮಣ್ಣಿಗೆ ಹೋಗಿದ್ದೆ. ನನಗೂ ಏನೂ ಆಗಲಿಲ್ಲ, ಕಾರಿಗೂ ಏನೂ ಆಗಲಿಲ್ಲ. ಆದರೆ ಅದೇ ಕಾರಿನಲ್ಲಿ ಸುಮಾರು 300 ಕಿಲೋಮೀಟರ್ ಓಡಿಸಿಕೊಂಡು ಬೆಂಗಳೂರಿಗೆ ಬರಬೇಕಿತ್ತು. ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಿತ್ತು.

ಆಗ ನನ್ನ ಹತ್ತಿರ ಇದ್ದದ್ದು ಒಂದು ಡೀಸೆಲ್ ಸೆಡಾನ್. ಹೈವೇಯಲ್ಲಿ ಒಳ್ಳೆಯ ಗಾಡಿ. ಟ್ರ್ಯಾಕಿಗೆ ಹೋಗುವ ಮುಂಚೆ ಸರ್ವಿಸ್ ಮಾಡಿಸಿದ್ದೆ, ಬ್ರೇಕ್ ಫ್ಲೂಯಿಡ್ ಬದಲಿಸಿದ್ದೇವೆ ಅಂತ ಬಿಲ್ಲಿನಲ್ಲೂ ಬರೆದಿದ್ದರು. ವಾಪಸ್ ಬಂದ ಮೇಲೆ ಬೇರೆ ಮೆಕ್ಯಾನಿಕ್ ಹತ್ತಿರ ಬ್ಲೀಡ್ ಮಾಡಿಸಿದಾಗ, ಅಂದರೆ ಒಳಗಿದ್ದ ಫ್ಲೂಯಿಡ್ ಹೊರಗೆ ಬಿಡಿಸಿದಾಗ, ಪೈಪಿನಿಂದ ಇಳಿದದ್ದು ಕಡುಕಂದು ಬಣ್ಣದ ದ್ರವ. ಹೊಸ ಫ್ಲೂಯಿಡ್ ತಿಳಿ ಹಳದಿ ಇರುತ್ತದೆ. ಪೆಡಲಿನ ಒತ್ತಡವನ್ನು ಚಕ್ರದವರೆಗೆ ಒಯ್ಯುವ ಈ ಬ್ರೇಕ್ ಫ್ಲೂಯಿಡ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತಾ ಹೋಗುತ್ತದೆ. ಡಾಟ್ 3 ದರ್ಜೆಯದ್ದು ಹೊಸದಿದ್ದಾಗ ಕುದಿಯದೆ ಕನಿಷ್ಠ 205 ಡಿಗ್ರಿ ತಡೆಯಬೇಕು, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿ. ದ್ರವ ಅದುಮಿಸಿಕೊಳ್ಳುವುದಿಲ್ಲ, ಆವಿ ಅದುಮಿಸಿಕೊಳ್ಳುತ್ತದೆ. ನೀವು ಪೆಡಲ್ ತುಳಿದದ್ದೆಲ್ಲ ಆವಿಯನ್ನು ಅದುಮುವುದರಲ್ಲೇ ಮುಗಿದುಹೋಗುತ್ತದೆ, ಚಕ್ರದ ಡಿಸ್ಕನ್ನು ಹಿಡಿದು ನಿಲ್ಲಿಸುವ ಪ್ಯಾಡ್‌ವರೆಗೆ ತಲುಪುವುದೇ ಇಲ್ಲ.

ಆ ದಿನದಿಂದ ಕಾರು ಹುಡುಕುವ ರೀತಿಯೇ ಬದಲಾಯಿತು. ಅದಕ್ಕೆ ಮುಂಚೆ ನಾನೂ ಎಲ್ಲರ ಹಾಗೆ ಪವರ್ ಎಷ್ಟು, 0-100 ಎಷ್ಟು ಸೆಕೆಂಡ್ ಅಂತಲೇ ನೋಡುತ್ತಿದ್ದೆ. ಈಗ ಮೊದಲ ಪ್ರಶ್ನೆ ನಿಲ್ಲುತ್ತಾ ಅನ್ನೋದು. ಎರಡನೆಯದು, ಇಪ್ಪತ್ತು ನಿಮಿಷ ಹಿಂಡಿದ ಮೇಲೂ ನಿಲ್ಲುತ್ತಾ. ಮೂರನೆಯದು, ಸಂಜೆ ಮನೆಗೆ ತಲುಪಿಸುತ್ತಾ. ಪವರ್ ಎಲ್ಲ ಆಮೇಲೆ.

ಹೀಗೆ ಯೋಚಿಸಿದರೆ ತೂಕದ ಬೆಲೆ ಗೊತ್ತಾಗುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟು. ವೇಗ ಕಮ್ಮಿ ಮಾಡಿಕೊಳ್ಳೋಕೆ ಟ್ರ್ಯಾಕಿಗೆ ಯಾರೂ ಹೋಗಲ್ಲ, ಉಳಿದದ್ದು ತೂಕ. ಕಾರಿನ ತೂಕ ಕಾಲುಭಾಗ ಕಮ್ಮಿಯಾದರೆ ಡಿಸ್ಕಿಗೆ ಬೀಳುವ ಬಿಸಿಯೂ ಕಾಲುಭಾಗ ಕಮ್ಮಿ. ಟಯರ್ ಕಮ್ಮಿ ಸವೆಯುತ್ತದೆ, ಪ್ಯಾಡ್ ಕಮ್ಮಿ ಸವೆಯುತ್ತದೆ, ತಿರುವಿನಲ್ಲಿ ಮೈಯೂ ಕಮ್ಮಿ ವಾಲುತ್ತದೆ. ಜೊತೆಗೆ ಎಲ್ಲಾ ಖರ್ಚೂ ಕಮ್ಮಿ.

ಮನಸ್ಸು ಮೊದಲು ಹೋದದ್ದು ಫಿಯೆಟ್ ಪುಂಟೋ ಅಬಾರ್ತ್ ಕಡೆಗೆ. 145 ಪಿಎಸ್ (ಪವರಿನ ಅಳತೆ, ಹೆಚ್ಚುಕಮ್ಮಿ ಹಾರ್ಸ್‌ಪವರ್ ಇದ್ದ ಹಾಗೆ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಹೈಡ್ರಾಲಿಕ್ ಸ್ಟೀರಿಂಗ್. ಒಂದನ್ನು ಓಡಿಸಿ ನೋಡಿದೆ. ಆ ಸ್ಟೀರಿಂಗ್ ಕೈಗೆ ಹೇಳುವಷ್ಟು ವಿಷಯ ಇವತ್ತಿನ ಎಲೆಕ್ಟ್ರಿಕ್ ಸ್ಟೀರಿಂಗ್ ಹೇಳಲ್ಲ, ಅದು ನಿಜ. ಆದರೆ ತೂಕ 1,200 ಕಿಲೋ ಹತ್ತಿರ. ಫಿಯೆಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿಯೂ ವರ್ಷಗಳಾದವು. ಟ್ರ್ಯಾಕಿನಲ್ಲಿ ಒಂದು ಸಣ್ಣ ಪಾರ್ಟ್ ಹೋಯಿತು ಅಂದರೆ, ಅದು ಸಿಗುವವರೆಗೆ ನಾನು ಆಫೀಸಿಗೆ ಹೇಗೆ ಹೋಗಲಿ? ಎರಡನೇ ಕಾರು ಇರುವವರು ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ನನಗೆ ಅದೊಂದೇ ಕಾರು.

ಹ್ಯುಂಡೈ ಐ20 ಎನ್ ಲೈನ್ ನೋಡಿದೆ. 120 ಪಿಎಸ್, ನಾಲ್ಕೂ ಡಿಸ್ಕ್, ಸಸ್ಪೆನ್ಷನ್ನೂ ಗಟ್ಟಿ. ಮೂರು ಪೆಡಲಿನ ಮ್ಯಾನುಯಲ್ ಬೇಕು ಅಂದರೆ 2023ರ ನಂತರದ್ದೇ ಆಗಬೇಕು. ಅಂದರೆ ಹೆಚ್ಚುಕಮ್ಮಿ ಹೊಸ ಕಾರಿನ ಬೆಲೆ. ಡ್ರೈ ಕ್ಲಚ್, ಅಂದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್, ಇರುವ ಆಟೋಮ್ಯಾಟಿಕ್‌ಗಳನ್ನು ನಾನು ಸುಮ್ನೆ ಪಟ್ಟಿಯಿಂದಲೇ ತೆಗೆದೆ. ಸ್ನೇಹಿತನ ಅಂಥ ಕಾರೊಂದು ಏಪ್ರಿಲ್ ಬಿಸಿಲಲ್ಲಿ ಎರಡನೇ ಸೆಷನ್ನಿಗೇ ಗೇರ್‌ಬಾಕ್ಸ್ ಬಿಸಿ ಅಂತ ಎಚ್ಚರಿಕೆ ತೋರಿಸಿ ಮಧ್ಯಾಹ್ನವಿಡೀ ನೆರಳಲ್ಲಿ ನಿಂತಿತ್ತು.

ಮಾರುತಿ ಬಲೆನೋ ಆರ್‌ಎಸ್ ಇದೆಯಲ್ಲ, ನನ್ನ ಪ್ರಕಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ ಗಾಡಿ ಅದು. 1.0 ಲೀಟರ್ ಟರ್ಬೊ, 102 ಪಿಎಸ್, ಹಿಂದೆಯೂ ಡಿಸ್ಕ್, ತೂಕ 950 ಕಿಲೋ ಆಸುಪಾಸು. 2017ರಿಂದ ಮೂರೇ ವರ್ಷ ಮಾರಿದ್ದು. ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ. ಮೂರು ತಿಂಗಳಲ್ಲಿ ನಾನು ನೋಡಿದ್ದು ನಾಲ್ಕು. ಎರಡಕ್ಕೆ ಅಪಘಾತವಾಗಿ ಮುಂಭಾಗಕ್ಕೆ ಪೆಟ್ಟು ಬಿದ್ದಿತ್ತು. ಇನ್ನೊಂದಕ್ಕೆ ಇಸಿಯು ರೀಮ್ಯಾಪ್ ಮಾಡಿ ಬಿಟ್ಟಿದ್ದರು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗನ್ನೇ ಬದಲಿಸಿದ್ದರು. ನಾಲ್ಕನೆಯದು ಚೆನ್ನಾಗಿತ್ತು, ನಾನು ಯೋಚನೆ ಮಾಡುವಷ್ಟರಲ್ಲಿ ಹೋಯಿತು.

ಕೊನೆಗೆ ತೆಗೆದುಕೊಂಡದ್ದು 2018ರ ಸ್ವಿಫ್ಟ್. ಪೆಟ್ರೋಲ್, ಮ್ಯಾನುಯಲ್, 15 ಇಂಚಿನ ಚಕ್ರ ಇರುವ ಮಾದರಿ. 83 ಪಿಎಸ್ ಪವರ್, 113 ಎನ್‌ಎಂ ಟಾರ್ಕ್ (ಇಂಜಿನ್ ತಿರುಗಿಸುವ ಬಲ). ಹಿಂದೆ ಡ್ರಮ್ ಬ್ರೇಕ್. ಕಾಗದದ ಮೇಲೆ ಯಾರಿಗೂ ಆಸೆ ಹುಟ್ಟಿಸುವ ಅಂಕಿಗಳಲ್ಲ. ಆದರೆ ತೂಕ 900 ಕಿಲೋ ಒಳಗೆ. ಮುಂದಿನ ಚಕ್ರದಿಂದ ಓಡುವ ಇಂಥ ಸಣ್ಣ ಕಾರಿನಲ್ಲಿ ಬ್ರೇಕ್ ಕೆಲಸದ ಬಹುಪಾಲು ಮುಂದಿನದ್ದೇ, ಅಲ್ಲಿ ಗಾಳಿ ಆಡುವ ವೆಂಟಿಲೇಟೆಡ್ ಡಿಸ್ಕ್ ಇದೆ. ಪಾರ್ಟು ಯಾವ ಊರಲ್ಲೂ ಸಿಗುತ್ತದೆ. ವಾಣಿಯಂಬಾಡಿಯಲ್ಲಿ ಕೆಟ್ಟರೂ ವಾಣಿಯಂಬಾಡಿಯಲ್ಲೇ ರಿಪೇರಿ ಆಗುತ್ತದೆ, ಇದು ಸಣ್ಣ ವಿಷಯ ಅಲ್ಲ.

ನೋಡಲು ಹೋದಲ್ಲೆಲ್ಲ ನಾನು ಹೆಲ್ಮೆಟ್ ಹಿಡಿದುಕೊಂಡು ಹೋಗುತ್ತಿದ್ದೆ. ಮಾರುವವರಿಗೆ ಆಶ್ಚರ್ಯ. ಆದರೆ ಸೀಟಿನಲ್ಲಿ ಕೂತು ಹೆಲ್ಮೆಟ್ ಹಾಕಿಕೊಂಡರೆ ಮಾತ್ರ ಗೊತ್ತಾಗುವ ವಿಷಯಗಳಿವೆ. ತಲೆ ಮೇಲೆ ತಾಗುತ್ತಾ? ತಾಗಬಾರದು ಅಂತ ಸೀಟು ಇಳಿಸಿದರೆ ರಸ್ತೆ ಕಾಣುತ್ತಾ? ನಾನು ಐದಡಿ ಹನ್ನೊಂದು. ಒಂದು ಕಾರಿನಲ್ಲಿ ಕತ್ತು ಬಗ್ಗಿಸಿಯೇ ಕೂರಬೇಕಿತ್ತು. ಆಮೇಲೆ ಪೆಡಲ್. ತಿರುವಿಗೆ ಮುಂಚೆ ಗೇರ್ ಇಳಿಸುವಾಗ ಬೇಕಾಗುವ ಹಾಗೆ, ಬ್ರೇಕ್ ತುಳಿದುಕೊಂಡೇ ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ಮುಟ್ಟೋಕೆ ಆಗುತ್ತಾ ಅಂತ ಇಂಜಿನ್ ಆಫ್ ಇಟ್ಟೇ ನೋಡಿದೆ. ಸ್ವಿಫ್ಟಿನಲ್ಲಿ ಎರಡೂ ಸರಿಹೋಯಿತು.

ಉಳಿದದ್ದು ಯಾವ ಹಳೆ ಕಾರಿಗೂ ಮಾಡುವ ತಪಾಸಣೆಯೇ. ಬಾನೆಟ್ ಮತ್ತು ಫೆಂಡರ್ ಬೋಲ್ಟಿನ ತಲೆಯಲ್ಲಿ ಬಣ್ಣ ಎದ್ದಿದೆಯಾ, ಟಯರ್ ಒಂದೇ ಕಡೆ ಸವೆದಿದೆಯಾ, ಕೂಲಂಟ್ ತಿಳಿಯಾಗಿದೆಯಾ. ಡಿಸ್ಕಿನ ಅಂಚಿಗೆ ಉಗುರು ಆಡಿಸಿ ಎಷ್ಟು ಗುಂಡಿ ಬಿದ್ದಿದೆ ಅಂತ ನೋಡಿದೆ. ಕಾರಿನ ಕಂಪ್ಯೂಟರಿನ ಮಾಹಿತಿ ತೋರಿಸುವ ಒಬಿಡಿ ರೀಡರನ್ನು ಫೋನಿಗೆ ಜೋಡಿಸಿ ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ ಕೂಲಂಟ್ ಎಷ್ಟು ಏರುತ್ತದೆ ಅಂತ ಗಮನಿಸಿದೆ.

ಬೆಲೆ ವಿಷಯದಲ್ಲಿ ಒಂದು ಮಾತು, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ನಿಮ್ಮ ಮಾಮೂಲಿ ಇನ್ಶೂರೆನ್ಸ್ ಪಾಲಿಸಿ ತೆಗೆದು 'ಬಳಕೆಯ ಮಿತಿ' ಅನ್ನೋ ಭಾಗ ಓದಿ. ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಇವಕ್ಕೆ ರಕ್ಷಣೆ ಇಲ್ಲ ಅಂತ ಅಲ್ಲೇ ಇರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ಖರ್ಚು ನಿಮ್ಮದೇ ಅಂತ ಅಂದುಕೊಂಡೇ ಹೋಗಬೇಕು. ಅದಕ್ಕೇ ನಾನು ಇಟ್ಟುಕೊಂಡ ಲೆಕ್ಕ: ಪೂರ್ತಿ ಹೋದರೂ ಮನೆಯ ಇಎಂಐ, ಮಗಳ ಫೀಸು ತಪ್ಪದಂಥ ಬೆಲೆಯ ಕಾರು. ಸಾಲ ಮಾಡಿ ತೆಗೆದ ಹೊಸ ಕಾರನ್ನು ಟ್ರ್ಯಾಕಿಗೆ ಇಳಿಸಿದರೆ ಪ್ರತಿ ತಿರುವಿನಲ್ಲೂ ಸಾಲವೇ ನೆನಪಾಗುತ್ತದೆ, ಕಲಿಯೋಕೆ ಆಗಲ್ಲ.

ಕಾರು ಬಂದ ಮೇಲೆ ನಾನು ಬದಲಿಸಿದ್ದು ಮೂರೇ. ಫ್ಲೂಯಿಡ್, ಮುಂದಿನ ಪ್ಯಾಡ್, ಟಯರ್.

ಫ್ಲೂಯಿಡ್ ಡಾಟ್ 5.1, ಹೊಸದರಲ್ಲಿ ಕನಿಷ್ಠ 260 ಡಿಗ್ರಿ ತಡೆಯುವ ದರ್ಜೆ. ಡಾಟ್ 5 ಬೇರೆ, ಅದು ಸಿಲಿಕೋನ್, ಅದನ್ನು ಇದರ ಜೊತೆ ಬೆರೆಸುವ ಹಾಗಿಲ್ಲ, ಅಂಗಡಿಯಲ್ಲಿ ಡಬ್ಬ ಎರಡು ಸಲ ಓದಿ. ಈ ಸಲ ನಾಲ್ಕೂ ಚಕ್ರದ ಹತ್ತಿರ ನಾನೇ ಕೂತು, ಪೈಪಿನಲ್ಲಿ ತಿಳಿ ಬಣ್ಣ ಬರುವವರೆಗೆ ಬಿಡಿಸಿದೆ.

ಪ್ಯಾಡ್ ವಿಷಯದಲ್ಲಿ ಆಸೆ ಜಾಸ್ತಿ ಪಡಬಾರದು. ಬರೀ ಟ್ರ್ಯಾಕಿಗೆ ಅಂತ ಮಾಡಿದ ಪ್ಯಾಡ್‌ಗೆ ಬಿಸಿ ಬೇಕು, ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದೇ ಇಲ್ಲ. ಬೆಳಿಗ್ಗೆ ಮನೆ ಗೇಟು ದಾಟಿದ ಕೂಡಲೇ ಶಾಲೆ ಮಕ್ಕಳು ಅಡ್ಡ ಬರುವ ರಸ್ತೆ ನಮ್ಮದು. ಅಲ್ಲಿ ಮೊದಲ ಸಲ ತುಳಿದಾಗಲೇ ನಿಲ್ಲಬೇಕು. ಹಾಗಾಗಿ ರಸ್ತೆಗೂ ಟ್ರ್ಯಾಕಿಗೂ ಆಗುವ ಮಧ್ಯಮ ದರ್ಜೆಯ ಪ್ಯಾಡ್ ಹಾಕಿಸಿದೆ. ಧೂಳು ಸ್ವಲ್ಪ ಜಾಸ್ತಿ, ಚಕ್ರ ಕಪ್ಪಾಗುತ್ತದೆ, ಅಷ್ಟೇ.

ಟಯರ್ ಕಂಪನಿಯ ಅಳತೆಯದ್ದೇ, 185/65 ಆರ್15. ಅಗಲ ಮಾಡಿಸಲಿಲ್ಲ. ಸ್ವಲ್ಪ ಮೆದು ರಬ್ಬರಿನದ್ದು ಆರಿಸಿದೆ. 17 ಇಂಚಿನ ಚಕ್ರದ ಕಾರಿಗೆ ಎರಡು ಟಯರ್ ತರುವ ದುಡ್ಡಲ್ಲಿ ನನಗೆ ನಾಲ್ಕೂ ಬಂದವು. ಸಸ್ಪೆನ್ಷನ್ ತಗ್ಗಿಸುವ ಯೋಚನೆ ಬಂದಿತ್ತು, ಬಿಟ್ಟೆ. ನಮ್ಮ ಏರಿಯಾದ ಹಂಪುಗಳಿಗೆ ಈಗಿರುವ 163 ಮಿಲಿಮೀಟರ್ ಎತ್ತರವೇ ಬೇಕು. ಅಮ್ಮನ ಬೆನ್ನುನೋವಿಗೆ ಗಟ್ಟಿ ಸ್ಪ್ರಿಂಗ್ ಒಳ್ಳೆಯದಲ್ಲ.

ಸ್ವಿಫ್ಟಿನ ಜೊತೆ ಟ್ರ್ಯಾಕಿನಲ್ಲಿ ಮೊದಲ ದಿನ. ಬೆಳಗಿನ ಜಾವ ಮೂರೂವರೆಗೆ ಹೊರಟು ಹೊಸೂರು, ಕೃಷ್ಣಗಿರಿ, ವೇಲೂರು ದಾಟಿ ಎಂಟಕ್ಕೆ ಇರುಂಗಾಟ್ಟುಕೋಟ್ಟೈಯ ಪ್ಯಾಡಕ್ಕಿನಲ್ಲಿದ್ದೆ, ಅಂದರೆ ಟ್ರ್ಯಾಕಿಗೆ ಇಳಿಯುವ ಮುಂಚೆ ಕಾರು ನಿಲ್ಲಿಸುವ ಅಂಗಳದಲ್ಲಿ. 3.7 ಕಿಲೋಮೀಟರಿನ ಆ ಟ್ರ್ಯಾಕ್ 1990ರಿಂದ ಇದೆ. ಅದಕ್ಕೂ ಮುಂಚೆ ಮದ್ರಾಸಿನ ರೇಸುಗಳೆಲ್ಲ ಶೋಲಾವರಂನ ಹಳೆ ಏರ್‌ಸ್ಟ್ರಿಪ್ಪಿನಲ್ಲಿ ನಡೆಯುತ್ತಿದ್ದವು. ಅಂಥ ಜಾಗಕ್ಕೆ ನಮ್ಮ ಮನೆಯ ತರಕಾರಿ ಚೀಲ ಹೊರುವ ಕಾರು ಇಳಿಯುತ್ತದಲ್ಲ, ನನಗೆ ಅದು ದೊಡ್ಡ ಸಂತೋಷ. ಕಾರು ಖಾಲಿ ಮಾಡಿದೆ. ಸ್ಟೆಪ್ನಿ, ಜಾಕಿ, ನೆಲದ ಮ್ಯಾಟು, ನೀರಿನ ಬಾಟಲಿ ಎಲ್ಲ ಹೊರಗೆ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿದೆ.

ಟಯರಿನ ಭುಜದ ಮೇಲೆ, ಅಂದರೆ ನೆಲಕ್ಕೆ ತಾಗುವ ಭಾಗ ಬದಿಗೆ ತಿರುಗುವ ಅಂಚಿನಲ್ಲಿ, ಸೀಮೆಸುಣ್ಣದಿಂದ ಅಡ್ಡ ಗೆರೆ ಎಳೆದೆ. ನಾಲ್ಕು ಸುತ್ತು ಹೊಡೆದು ಬಂದು ನೋಡಿದರೆ ಟಯರ್ ಎಷ್ಟು ಮಡಚಿಕೊಂಡಿದೆ ಅಂತ ಗೆರೆಯೇ ಹೇಳುತ್ತದೆ. ಬದಿಯಲ್ಲಿ ಒಂದು ಸಣ್ಣ ತ್ರಿಕೋನದ ಗುರುತು ಇರುತ್ತದೆ, ಸುಣ್ಣ ಅಲ್ಲಿಯವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿ ಕೆಳಗೆ ಅಳಿಸಿದ್ದರೆ ಗಾಳಿ ಕಮ್ಮಿ, ಮೇಲೆಯೇ ನಿಂತಿದ್ದರೆ ಗಾಳಿ ಜಾಸ್ತಿ. ನನ್ನದು ತಣ್ಣಗಿದ್ದಾಗ 32 ಪಿಎಸ್‌ಐ ಇದ್ದ ಗಾಳಿ ಬಿಸಿಯಾಗಿ 38 ಆಗಿತ್ತು, ಗೆರೆ ಮೇಲೆಯೇ ಉಳಿದಿತ್ತು. 35ಕ್ಕೆ ಇಳಿಸಿದೆ. ಮುಂದಿನ ಸೆಷನ್ನಿನಲ್ಲಿ ಮೂತಿ ಹೊರಗೆ ಜಾರುವುದು ಕಮ್ಮಿಯಾಯಿತು. ಸಂಜೆ ಹೊರಡುವ ಮುಂಚೆ, ಟಯರ್ ತಣ್ಣಗಾದ ಮೇಲೆ, ಮತ್ತೆ ಬಾಗಿಲ ಸ್ಟಿಕರಿನಲ್ಲಿರುವಷ್ಟು ಗಾಳಿ ತುಂಬಿಸಬೇಕು. ಇದನ್ನು ಮರೆತು ಹೈವೇ ಹತ್ತಬೇಡಿ.

ಸ್ಟ್ರೇಟಿನಲ್ಲಿ ಎಲ್ಲರೂ ನನ್ನನ್ನು ದಾಟಿ ಹೋದರು. 150 ಪಿಎಸ್ ಸೆಡಾನುಗಳು, ಟರ್ಬೊ ಹ್ಯಾಚ್‌ಗಳು. ಕನ್ನಡಿ ನೋಡಿ ಕೈ ತೋರಿಸಿ ದಾರಿ ಬಿಡುತ್ತಿದ್ದೆ. ಆದರೆ ಬ್ರೇಕ್ ಹಾಕುವ ಜಾಗದಲ್ಲಿ ಅವರ ಹತ್ತಿರಕ್ಕೆ ಬಂದುಬಿಡುತ್ತಿದ್ದೆ. ಐದು ಸುತ್ತು ಹೊಡೆಯುವುದು, ಆರನೆಯದು ಬ್ರೇಕ್ ಮುಟ್ಟದೆ ನಿಧಾನಕ್ಕೆ ತಣಿಸುವುದು, ಒಳಗೆ ಬಂದು ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡುವುದು. ಸಮತಟ್ಟು ನೆಲ ಇದ್ದರೂ ಚಕ್ರಕ್ಕೊಂದು ಕಟ್ಟಿಗೆ ಇಡುತ್ತೇನೆ. ಮಧ್ಯಾಹ್ನದ ನಾಲ್ಕನೇ ಸೆಷನ್ನಿನ ಕೊನೆಯ ಸುತ್ತಿನಲ್ಲೂ ಸಿ1 ಮುಂದೆ ಪೆಡಲ್ ಬೆಳಿಗ್ಗೆ ಇದ್ದ ಎತ್ತರದಲ್ಲೇ ಇತ್ತು. ಹೆಲ್ಮೆಟ್ ಒಳಗೇ ಜೋರಾಗಿ ಕೂಗಿದೆ.

ಪೆಟ್ರೋಲ್ ಮಾತ್ರ ನೋಡಿಕೊಳ್ಳಿ. ಹೈವೇಯಲ್ಲಿ ಲೀಟರಿಗೆ 19 ಕೊಟ್ಟ ಕಾರು ಟ್ರ್ಯಾಕಿನಲ್ಲಿ 6 ಕೊಟ್ಟಿತು.

ಈ ಕಾರಿನ ಕೊರತೆಯೂ ಹೇಳಬೇಕಲ್ವಾ. ಸೀಟು ಮೈಯನ್ನು ಹಿಡಿಯಲ್ಲ, ಬಲತಿರುವಿನಲ್ಲಿ ಎಡ ಮೊಣಕಾಲನ್ನು ಕನ್ಸೋಲಿಗೆ ಒತ್ತಿ ಕೂರಬೇಕು, ಮರುದಿನ ನೋಯುತ್ತದೆ. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಂಥ 5 ಕಿಲೋಮೀಟರ್ ಮೀರಿದ ಟ್ರ್ಯಾಕಿನಲ್ಲಿ, ಆ ಉದ್ದ ಸ್ಟ್ರೇಟಿನಲ್ಲಿ, 83 ಪಿಎಸ್ ಸಾಲುವುದಿಲ್ಲ. ನೀವು ದೆಹಲಿ ಕಡೆ ಇದ್ದರೆ ನನ್ನ ಆಯ್ಕೆ ನಿಮ್ಮದಾಗಬೇಕಿಲ್ಲ. ಆದರೆ ಕೊಯಮತ್ತೂರಿನ 'ಕರಿ' ಅನ್ನೋ ಹೆಸರಿನ ಟ್ರ್ಯಾಕಿಗೆ ಇದು ಸರಿಯಾದ ಗಾಡಿ, ಎರಡು ಕಿಲೋಮೀಟರ್ ಚಿಲ್ಲರೆ ಉದ್ದ, ತಿರುವಿನ ಹಿಂದೆ ತಿರುವು.

ಅಲ್ಲಿಗೆ ಮುಂದಿನ ತಿಂಗಳು ಹೋಗಬೇಕು ಅಂತ ನಿನ್ನೆ ಸಂಜೆ ಟಯರ್ ನೋಡಿದೆ. ಚೆನ್ನೈ ಟ್ರ್ಯಾಕಿನಲ್ಲಿ ಗಡಿಯಾರದ ದಿಕ್ಕಿನಲ್ಲಿ ಸುತ್ತುವುದರಿಂದ ಮುಂದಿನ ಎಡ ಟಯರಿನ ಹೊರಭುಜವೇ ಮೊದಲು ಸವೆಯುತ್ತದೆ. ಗೇಜ್ ಇಟ್ಟರೆ ಅಲ್ಲಿ 2.5 ಮಿಲಿಮೀಟರ್ ಉಳಿದಿದೆ. ಕಾನೂನಿನ ಮಿತಿ 1.6, ಆದರೆ ಮಳೆಗಾಲದಲ್ಲಿ ಇದರಲ್ಲೇ ಮಗಳನ್ನು ಶಾಲೆಗೆ ಬಿಡಬೇಕು. ಮುಂದಿನ ಜೋಡಿ ಹೊಸದಕ್ಕೆ ಹೇಳಿ ಬಂದೆ, ಶನಿವಾರ ಹಾಕಿಸುತ್ತೇನೆ. ಅವತ್ತೇ ಫ್ಲೂಯಿಡ್ಡೂ ಬದಲಿಸುತ್ತೇನೆ.